ಕಾಳಿಯ ಕಲ್ಲು, ಹೈಫಾದ ಕುದುರೆ

ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ಬೇಟೆನಾಯಿಗೆ ವೀರಗಲ್ಲು ನೆಟ್ಟರು. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಮಡಿದ ಮೇಲೆ, ಗಂಗರ ಬೂತುಗ ತನ್ನ ವೀರ ಮಣಲೆರನ ಸಾಹಸ ಮೆಚ್ಚಿ ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಅದಕ್ಕೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ, ಅಂದರೆ ಶೈವ ಪೂಜಾರಿ, ಊಟ ಮಾಡಬಾರದೆಂದು ಶಾಸನದಲ್ಲಿ ಕೆತ್ತಿಸಿದರು. ಯುದ್ಧದ ಋಣವನ್ನು ಈ ನೆಲ ನೆನೆಯುತ್ತಿದ್ದ ಬಗೆ ಅದು.

ಅದೇ ನಾಡಿನ ಸವಾರರು 1914ರಲ್ಲಿ, ಮೊದಲ ಮಹಾಯುದ್ಧಕ್ಕೆಂದು, ಹಡಗು ಹತ್ತಿ ಈಜಿಪ್ಟಿಗೆ ಹೋದರು. ಅವರು ಮೈಸೂರು ಲ್ಯಾನ್ಸರ್ಸ್, ಭಲ್ಲೆ ಹಿಡಿದ ಕುದುರೆ ಪಡೆ. 1918ರಲ್ಲಿ ಅವರಿದ್ದ ಮರುಭೂಮಿ ಅಶ್ವದಳದ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್. ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸವಾರರೂ ನಮ್ಮವರೂ ಒಂದೇ ದಳದಲ್ಲಿ ದುಡಿದರು.

1918ರ ಸೆಪ್ಟೆಂಬರ್ 23. ಈಗಿನ ಇಸ್ರೇಲಿನ ಹೈಫಾ ಊರಿನ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಹೂಳುಮರಳು. ಬೆಟ್ಟದ ಮೇಲೆ ತುರ್ಕಿ ಕಡೆಯವರ ಫಿರಂಗಿ. ಅದನ್ನು ಹಿಡಿಯಲು ಮೈಸೂರಿನ ಒಂದು ತುಕಡಿ ಕಡಿದಾದ ದಾರಿ ಹತ್ತಿತು. ಕುದುರೆಗಳು ಜಾರಿದವು, ಕುಂಟಿದವು. ಮಷಿನ್‌ಗನ್ನಿನವರನ್ನು ಗುಂಡು ಹಾರಿಸಲು ಹಿಂದೆ ಬಿಟ್ಟ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ಫಿರಂಗಿಯ ಮೇಲೆ ಏರಿಹೋಗಲು ಉಳಿದವರು 15 ಮಂದಿ. ಏರಿಯೇ ಹೋದರು, ಫಿರಂಗಿ ವಶವಾಯಿತು, 78 ಮಂದಿ ಸೆರೆಸಿಕ್ಕರು. ಕೆಳಗೆ, ಅದೇ ದಳದಲ್ಲಿದ್ದ ಜೋಧಪುರದ ಸವಾರರು ಊರೊಳಗೆ ನುಗ್ಗಿದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದ. ಅವರ ಬೆನ್ನಿಗೆ ಮೈಸೂರಿನವರೂ ನುಗ್ಗಿದರು. ಸಂಜೆಯ ಲೆಕ್ಕದಲ್ಲಿ ಸತ್ತವರು 8 ಜನ, ಗಾಯಗೊಂಡವರು 34, ಸತ್ತ ಕುದುರೆ 60. ಅಷ್ಟು ಕಡಿಮೆ ಜನ ಸತ್ತು ಊರು ಕೈಗೆ ಬಂದದ್ದಕ್ಕೆ ಆ ಕುದುರೆಗಳ ಓಟವೇ ಕಾರಣ ಎಂದು ನಾನು ನಂಬುತ್ತೇನೆ.

1922ರಲ್ಲಿ ದೆಹಲಿಯ ಒಂದು ವೃತ್ತದಲ್ಲಿ, ಆ ಯುದ್ಧಕ್ಕೆ ಹೋಗಿದ್ದ ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ಹೆಸರಿನಲ್ಲಿ ಮೂರು ಕಂಚಿನ ಪ್ರತಿಮೆ ನಿಂತವು. ನೆಹರೂ ಇದ್ದ ತೀನ್‌ಮೂರ್ತಿ ಭವನಕ್ಕೆ ಹೆಸರು ಬಂದದ್ದು ಅವುಗಳಿಂದ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು.

ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿದೆ. ಆತಗೂರಿನ ಕಾಳಿಯ ಕಲ್ಲೂ ಈಗ ಅದೇ ಊರಿನಲ್ಲಿ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಮಂಡ್ಯ ಕಡೆಯಿಂದ ಬೆಂಗಳೂರಿಗೆ ಹೋದಾಗ ಎರಡನ್ನೂ ನೋಡಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.