ಹೃಷಿಕೇಶ್ ಕಾನಿಟ್ಕರ್: ಢಾಕಾದ ಆ ಒಂದು ಫೋರ್‌ನಿಂದ ವಿಶ್ವಕಪ್ ಗೆದ್ದ ಕೋಚ್‌ವರೆಗೆ

1998ರ ಜನವರಿ 18. ಢಾಕಾದಲ್ಲಿ ಪಾಕಿಸ್ತಾನದ ವಿರುದ್ಧ ಇಂಡಿಪೆಂಡೆನ್ಸ್ ಕಪ್‌ನ ಮೂರನೇ ಫೈನಲ್. ಭಾರತಕ್ಕೆ 48 ಓವರ್‌ಗಳಲ್ಲಿ 315 ರನ್‌ಗಳ ಗುರಿ. ಮಬ್ಬುಗತ್ತಲಲ್ಲಿ ಕೊನೆಯ 2 ಎಸೆತಕ್ಕೆ 3 ರನ್ ಬೇಕಿತ್ತು. ಸಕ್ಲೇನ್ ಮುಷ್ತಾಕ್ ಎಸೆತವನ್ನು ಪುಣೆಯ ಎಡಗೈ ಬ್ಯಾಟರ್ ಹೃಷಿಕೇಶ್ ಕಾನಿಟ್ಕರ್ ಬೌಂಡರಿಗೆ ಅಟ್ಟಿದರು. ಅದು ಆಗ ಏಕದಿನ ಕ್ರಿಕೆಟ್‌ನ ಅತಿ ದೊಡ್ಡ ಚೇಸಿಂಗ್. ಆಗ ಇನ್ನೊಂದು ತುದಿಯಲ್ಲಿದ್ದವರು ನಮ್ಮ ಜಾವಗಲ್ ಶ್ರೀನಾಥ್!

ಬೆಂಗಳೂರು ನಂಟು

ಕಾನಿಟ್ಕರ್ ಹುಟ್ಟಿದ್ದು 1974ರ ನವೆಂಬರ್ 14ರಂದು. ಅದಾಗಿ ಎಂಟೇ ದಿನಕ್ಕೆ ತಂದೆ ಹೇಮಂತ್ ಕಾನಿಟ್ಕರ್ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್‌ಗೆ ಪದಾರ್ಪಣೆ ಮಾಡಿ 65 ರನ್ ಹೊಡೆದರು. ಅವರಿಗೆ ಸಿಕ್ಕಿದ್ದು ಎರಡೇ ಟೆಸ್ಟ್. ಮಗನಿಗೂ ಅಷ್ಟೇ!

ಮತ್ತೆ ಬಾರದ ಕರೆ

34 ಏಕದಿನ ಪಂದ್ಯಗಳ ಬಳಿಕ, 2000ದಲ್ಲೇ ಭಾರತ ತಂಡದ ಬಾಗಿಲು ಮುಚ್ಚಿತು. ಆಗ ಅವರಿಗೆ ಕೇವಲ 25 ವರ್ಷ. ಆದರೂ ಆಟ ಬಿಡಲಿಲ್ಲ. ದೇಶಿ ಕ್ರಿಕೆಟ್‌ನಲ್ಲಿ ರನ್ ಗುಡ್ಡೆ ಹಾಕುತ್ತಲೇ ಹೋದರು. ಅವರ ನಾಯಕತ್ವದಲ್ಲಿ ರಾಜಸ್ಥಾನ 2010-11ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದು, ಮರುವರ್ಷವೂ ಉಳಿಸಿಕೊಂಡಿತು. 2015ರಲ್ಲಿ ನಿವೃತ್ತಿ.

ಕೋಚ್ ಆಗಿ

2022ರ ಫೆಬ್ರವರಿ 5ರಂದು ಆಂಟಿಗಾದಲ್ಲಿ ಭಾರತದ ಕಿರಿಯರು ಇಂಗ್ಲೆಂಡ್ ತಂಡವನ್ನು ಮಣಿಸಿ ಐದನೇ ಬಾರಿ ಅಂಡರ್-19 ವಿಶ್ವಕಪ್ ಎತ್ತಿದರು. ಮುಖ್ಯ ಕೋಚ್ ಕಾನಿಟ್ಕರ್. ಅದೇ ಡಿಸೆಂಬರ್‌ನಲ್ಲಿ ಮಹಿಳಾ ತಂಡದ ಬ್ಯಾಟಿಂಗ್ ಕೋಚ್ ಹುದ್ದೆಯೂ ಒಲಿಯಿತು.

ಒಂದು ಫೋರ್‌ಗಷ್ಟೇ ನೆನಪಾಗುತ್ತಿದ್ದ ಆಟಗಾರ, ಭಾರತ ತಂಡದ ಡ್ರೆಸಿಂಗ್ ರೂಮ್‌ಗೆ ಮರಳಿದ್ದು 22 ವರ್ಷಗಳ ನಂತರ, ಬೇರೊಂದು ಪಾತ್ರದಲ್ಲಿ.