ಬೆಂಕಿಪುರದ ಕುಲುಮೆ: ಹಾಳುಬಿದ್ದ ನಗರವನ್ನು ಓದುವ ಬಗೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೆಯ ಹಂಚಿನ ಅಂಗಡಿಯೊಂದನ್ನು ಕೆಡವಿದರೆ ಅದೇ ನೆಲದಲ್ಲಿ ಕಾಂಕ್ರೀಟಿನ ಮಹಡಿ ಏಳುತ್ತದೆ, ವ್ಯಾಪಾರ ಮುಂದುವರಿಯುತ್ತದೆ. ಅದನ್ನು ಯಾರೂ ಹಾಳು ಎನ್ನುವುದಿಲ್ಲ. ‘ಹಾಳು’ ಎಂಬ ಕನ್ನಡದ ಮಾತಿನಲ್ಲಿ ಗೋಡೆಯ ಬಿರುಕಿಗಿಂತ ಮನುಷ್ಯರು ತೆರವು ಮಾಡಿದ ಜಾಗವೇ ಮುಖ್ಯ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯ ಕುಹಕವೂ ಇದನ್ನೇ ಆಧರಿಸಿದೆ.

ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲಿ ಈ ಮಾತಿನ ಭಾರ ತಿಳಿಯುತ್ತದೆ. ಬೆಂಕಿಪುರವೆಂಬುದು ಆ ಊರಿನ ಹಳೆಯ ಹೆಸರು. ವಿಶ್ವೇಶ್ವರಯ್ಯನವರ ಯೋಜನೆಯಂತೆ ಮೈಸೂರು ಸಂಸ್ಥಾನವು 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ಆರಂಭಿಸಿತು. 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲಿನ ಬದಲು ಮಲೆನಾಡಿನ ಮರವನ್ನು ಇದ್ದಿಲು ಮಾಡಿ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದರು. (ಊರಿನ ಏಳಿಗೆಗೆ ಕಾಡು ತೆತ್ತ ಬೆಲೆಯನ್ನು ಸೃಷ್ಟಿಯ ದೈವಶಾಸ್ತ್ರ ಕಲಿಸುವವರು ಇಲ್ಲಿಂದಲೇ ಆರಂಭಿಸಬಹುದು.) 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕೆಲಸವನ್ನರಸಿ ತಮಿಳು, ತೆಲುಗು, ಮಲಯಾಳಂ ಮನೆಮಾತಿನವರು ಬಂದು ನೆಲೆಸಿದರು. 2015ರ ಸುಮಾರಿಗೆ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕಿಳಿದರು, ಅದೇ ವರ್ಷ ಕೆಲಸ ಭಾಗಶಃ ಮರಳಿತು. ಆದುದರಿಂದ ಇದು ಸತ್ತ ಊರಲ್ಲ. ಪೊದೆ ಬೆಳೆದ ವಸತಿಗೃಹದ ಪಕ್ಕದ ಮನೆಯಲ್ಲಿ ಇನ್ನೂ ದೀಪ ಉರಿಯುತ್ತದೆ.

ಇಂಥ ಸ್ಥಳವನ್ನು ನಾವು ಎರಡು ವಿಧದಲ್ಲಿ ತಪ್ಪಾಗಿ ಓದುತ್ತೇವೆ. ಒಂದು, ಸೊಬಗೆಂದು ಸವಿಯುವುದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಪಾಳು ದೇವಾಲಯ ಇಂದು ಛಾಯಾಚಿತ್ರಗಳ ವಸ್ತು. ಅಲ್ಲಿ ಆರಾಧಿಸಿ ಊರು ಬಿಟ್ಟವರು ಆ ಚಿತ್ರಗಳಲ್ಲಿ ಇರುವುದಿಲ್ಲ. ಮತ್ತೊಂದು, ಇದಕ್ಕಿಂತ ಕೆಟ್ಟದ್ದು: ಹಾಳಾದುದನ್ನೆಲ್ಲ ಅಲ್ಲಿನವರ ಪಾಪಕ್ಕೆ ಬಂದ ದಂಡನೆಯೆಂದು ಪ್ರಸಂಗಿಸುವುದು. ಕೆಲಸ ಕಳೆದುಕೊಂಡವನು ಪೀಠದ ಎದುರಿನ ಬೆಂಚಿನಲ್ಲಿ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾನೆ.

ಯೆರೂಸಲೇಮು ಹಾಳುದಿಬ್ಬವಾಗುವುದೆಂದು ಮೀಕನು ಸಾರಿದ್ದು ನಿಜ. ಆದರೆ ಅವನು ಹೊಣೆ ಹೊರಿಸಿದ್ದು ಯಾರ ಮೇಲೆ? ಮೂರನೆಯ ಅಧ್ಯಾಯದ ಕೊನೆಯಲ್ಲಿ ಲಂಚಕ್ಕೆ ತೀರ್ಪು ಕೊಡುವ ಮುಖ್ಯಸ್ಥರು, ಸಂಬಳಕ್ಕಾಗಿ ಬೋಧಿಸುವ ಯಾಜಕರು, ಹಣಕ್ಕಾಗಿ ಕಣಿ ಹೇಳುವ ಪ್ರವಾದಿಗಳು ಇದ್ದಾರೆ. ಗಾರೆ ಕೆಲಸದವನಿಲ್ಲ, ಕುಲುಮೆಯವನೂ ಇಲ್ಲ. ಯಾಜಕರ ಹೆಸರು ಆ ಪಟ್ಟಿಯಲ್ಲಿರುವುದನ್ನು ನಾವು ಸಾಮಾನ್ಯವಾಗಿ ವೇಗವಾಗಿ ಓದಿ ದಾಟುತ್ತೇವೆ.

102ನೆಯ ಕೀರ್ತನೆಯಲ್ಲಿ ದೇವರ ಸೇವಕರಿಗೆ ಚೀಯೋನಿನ ಕಲ್ಲುಗಳೂ ಪ್ರಿಯ, ಅದರ ಧೂಳಿನ ಮೇಲೂ ಮರುಕ. ಈ ಪ್ರೀತಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ನೆಹೆಮೀಯನಲ್ಲಿ ಕಾಣಬಹುದು. ಸುದ್ದಿ ಕೇಳಿ ಅವನು ಮೊದಲು ಕುಳಿತು ಅತ್ತನು. ಊರಿಗೆ ಬಂದ ಮೇಲೂ ರಾತ್ರಿಯಲ್ಲಿ, ಯಾರಿಗೂ ಹೇಳದೆ, ಬಿದ್ದ ಗೋಡೆಯನ್ನು ಸುತ್ತಿ ನೋಡಿದನು, ಮಾತು ಆಮೇಲೆ. ಮೂರನೆಯ ಅಧ್ಯಾಯವಂತೂ ಬರೀ ಹೆಸರುಗಳ ಯಾದಿ: ಅಕ್ಕಸಾಲಿಗರು, ವರ್ತಕರು, ತನ್ನ ಹೆಣ್ಣುಮಕ್ಕಳೊಂದಿಗೆ ದುಡಿದ ಶಲ್ಲೂಮನು, ಸ್ವಂತ ಮನೆಯೆದುರಿನ ಗೋಡೆಯನ್ನು ಕಟ್ಟಿದವರು.

ಅಂಥ ಯಾದಿ ನಮ್ಮ ಸಭೆಗಳಲ್ಲಿಯೂ ಇದೆ. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ತಂದೆಯ ಉದ್ಯೋಗವನ್ನು ಬರೆದಿರುವ ಕಡೆ, ಒಂದು ಕಾರ್ಖಾನೆ ಪಟ್ಟಣದ ಏಳುಬೀಳು ವರ್ಷದಿಂದ ವರ್ಷಕ್ಕೆ ಕಾಣುತ್ತದೆ. ಅಂಥ ಊರಿಗೆ ನೇಮಕವಾದ ಸಭಾಪಾಲಕನು ಮೊದಲ ಪ್ರಸಂಗವನ್ನು ಸಿದ್ಧಪಡಿಸುವ ಮುನ್ನ ಆ ಪುಟಗಳನ್ನು ತಿರುವಿಹಾಕಿ, ಆ ಹೆಸರುಗಳಲ್ಲಿ ಯಾರು ಇನ್ನೂ ಊರಲ್ಲಿದ್ದಾರೆಂದು ವಿಚಾರಿಸಬಹುದು.