ಕಾಣದ ಹೊಳೆಯ ಫೋಟೊ

ಮಕ್ಕಳೇ, ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನೋಡಿದ್ದೀರಾ? ಸಾಲುಸಾಲು ಬಸ್ಸುಗಳು ನಿಲ್ಲುವ ಆ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇತ್ತು. ಹಳೆಯ ಪೇಟೆಗೆ ಅದರಿಂದಲೂ ನೀರು ಬರುತ್ತಿತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಲ್ಲೀಗ ಒಂದು ಪುಟ್ಟ ಕೊಳವಷ್ಟೇ ಉಳಿದಿದೆ. ಬೆಂಗಳೂರು ಕರಗದ ಪೂಜೆಗೆ ಇಂದಿಗೂ ಆ ನೀರೇ ಬೇಕು.

ಮುಚ್ಚಿಹೋದ ನೀರನ್ನು ಕ್ಯಾಮೆರಾ ತೋರಿಸಬಲ್ಲದೇ? ಕಲಾತ್ಮಕ ಛಾಯಾಗ್ರಹಣದಲ್ಲಿ ಅದಕ್ಕೆ ದಾರಿಗಳಿವೆ.

ಒಂದು, ಜೋಡಿ ಫೋಟೊ. ಹಳೆಯ ಫೋಟೊ ತೆಗೆದ ಜಾಗದಲ್ಲೇ ನಿಂತು, ಅದೇ ದಿಕ್ಕಿಗೆ ಕ್ಯಾಮೆರಾ ಹಿಡಿದು ಇಂದಿನ ಫೋಟೊ ತೆಗೆಯುವುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಹೋಯಿತು, ಏನು ಉಳಿಯಿತು ಎಂದು ಯಾರೂ ವಿವರಿಸಬೇಕಿಲ್ಲ.

ಇನ್ನೊಂದು, ನಿಧಾನದ ಫೋಟೊ. ಸಾಮಾನ್ಯವಾಗಿ ಕ್ಯಾಮೆರಾದ ಕಣ್ಣು ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ರಾತ್ರಿ ಹೊತ್ತು ಅದನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಇಟ್ಟು 10 ಸೆಕೆಂಡು ತೆರೆದಿಟ್ಟರೆ, ಓಡುವ ಬಸ್ಸುಗಳು ಮಾಯವಾಗಿ ಅವುಗಳ ದೀಪಗಳು ಮಾತ್ರ ಉದ್ದದ ಗೆರೆಗಳಾಗಿ ಮೂಡುತ್ತವೆ. ಧರ್ಮಾಂಬುಧಿಯ ಜಾಗದಲ್ಲಿ ಬೆಳಕಿನ ಹೊಳೆ ಹರಿದಂತೆ!

ಹಾಗೆಂದು ಬೆಂಗಳೂರಿನ ನೀರೆಲ್ಲ ಮಾಯವಾಗಿಲ್ಲ. ವೃಷಭಾವತಿ ಈಗಲೂ ಹರಿಯುತ್ತಿದೆ. ವೃಷಭ ಎಂದರೆ ಬಸವ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಈ ನದಿ ಹುಟ್ಟಿತು ಎನ್ನುವುದು ಹಿರಿಯರ ನಂಬಿಕೆ. ಮೈಸೂರು ರಸ್ತೆಯ ಪಕ್ಕದಲ್ಲಿ ಸಾಗಿ, ಕೆಂಗೇರಿ ದಾಟಿ, ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳು ಎತ್ತಿ ತಂದ ಕಾವೇರಿ ನೀರಿನಲ್ಲಿ ನಾವು ಸ್ನಾನ ಮಾಡುತ್ತೇವೆ. ಬಳಸಿದ ನೀರಿನ ಬಹುಪಾಲು ಇಂಥ ಹೊಳೆಗಳಿಗೇ ಹೋಗುತ್ತದೆ. ಅದಕ್ಕೇ ಇಂದು ವೃಷಭಾವತಿಯ ತುಂಬ ಕೊಳಚೆ, ನೊರೆ. ಜನ ಅದನ್ನು ಮೋರಿ ಎಂದು ಕರೆದು ಮೂಗು ಮುಚ್ಚಿಕೊಳ್ಳುತ್ತಾರೆ. ಫೋಟೊದ ಕೆಳಗೆ 'ವೃಷಭಾವತಿ ನದಿ' ಎಂದು ಬರೆದರೆ ನೋಡುವವರು ಒಂದು ಕ್ಷಣ ನಿಲ್ಲುತ್ತಾರೆ.

ಅಜ್ಜ ಅಜ್ಜಿಯರೇ, ಈಗ ನಿಮ್ಮ ಸರದಿ. ನಿಮ್ಮ ಮದುವೆಯ, ಜಾತ್ರೆಯ, ಪ್ರವಾಸದ ಫೋಟೊಗಳ ಹಿಂದೆ ಒಂದು ಕೆರೆಯೋ ಬಾವಿಯೋ ಕಲ್ಯಾಣಿಯೋ ಕಾಣುತ್ತಿರಬಹುದು. ಅದರ ಹೆಸರು ನಿಮಗೆ ಮಾತ್ರ ಗೊತ್ತು. ನೀವು ಹೇಳದಿದ್ದರೆ ಮೊಮ್ಮಕ್ಕಳ ಪಾಲಿಗೆ ಅದು ಯಾವುದೋ ಊರಿನ ಯಾವುದೋ ನೀರು.

ಈ ಭಾನುವಾರ ಹಳೆಯ ಆಲ್ಬಮ್ ಇಳಿಸಿ. ಮಕ್ಕಳೇ, ಊರು, ನೀರಿನ ಹೆಸರು, ವರ್ಷ ಕೇಳಿ, ಚೀಟಿಯಲ್ಲಿ ಬರೆದು ಫೋಟೊ ಜೊತೆ ಇಡಿ. ಆಮೇಲೆ ಅಜ್ಜನ ಕೈ ಹಿಡಿದು ಆ ಜಾಗಕ್ಕೇ ಹೋಗಿ, ಜೋಡಿ ಫೋಟೊ ತೆಗೆಯಿರಿ. ರಾಜಕಾಲುವೆಯ ಅಂಚಿಗೆ ಮಾತ್ರ ಹೋಗಬೇಡಿ. ನೀರು ಉಳಿದಿಲ್ಲದಿದ್ದರೆ, ಅದು ಇದ್ದ ಕಡೆಗೆ ಅಜ್ಜ ಬೆರಳು ತೋರಿಸಲಿ. ಆ ಬೆರಳೂ ಫೋಟೊದಲ್ಲಿ ಬರಲಿ.